ಪಾಸ್‌ವರ್ಡ್ ಇದೆ ಅಂತ ಲ್ಯಾಪ್‌ಟಾಪ್ ಭದ್ರ ಅಲ್ಲ

"ಸರ್, ಒಂದು ಲ್ಯಾಪ್‌ಟಾಪ್ ಕಳೆದುಹೋಗಿದೆ. ಆದರೆ ಗಾಬರಿ ಏನಿಲ್ಲ, ಪಾಸ್‌ವರ್ಡ್ ಇದೆ."

ಕಚೇರಿಗಳ ಕಂಪ್ಯೂಟರ್, ಮೊಬೈಲ್ ನೋಡಿಕೊಳ್ಳುವ ಈ ಕೆಲಸದಲ್ಲಿ ನಾನು ಪದೇ ಪದೇ ಕೇಳುವ ಮಾತು ಇದು. ಹೇಳುವವರ ದನಿಯಲ್ಲಿ ನಿಜಕ್ಕೂ ನೆಮ್ಮದಿ ಇರುತ್ತದೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಡಿಸ್ಕ್ ಎನ್‌ಕ್ರಿಪ್ಟ್ ಆಗಿತ್ತಾ?" ಅಂದರೆ, ಅದರಲ್ಲಿರುವುದನ್ನು ಕೀಲಿಯಿಲ್ಲದೆ ಯಾರೂ ಓದಲಾಗದ ಹಾಗೆ ಬದಲಿಸಿಟ್ಟಿತ್ತಾ ಅಂತ. ಆ ಕಡೆ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಮಾತು: "ಪಾಸ್‌ವರ್ಡ್ ಇತ್ತಲ್ಲ ಸರ್, ಗಟ್ಟಿ ಪಾಸ್‌ವರ್ಡೇ."

ಅಪ್‌ಡೇಟ್, ಆಂಟಿವೈರಸ್, ಬ್ಯಾಕಪ್ ಬಗ್ಗೆ ಇಲ್ಲಿ ಹೇಳುವುದಿಲ್ಲ. ಅವು ಇದ್ದೇ ಇರಬೇಕು. ಇದೊಂದು ವಿಷಯ ಮಾತ್ರ ಎಷ್ಟು ಹೇಳಿದರೂ ಮನಸ್ಸಿಗೆ ನಾಟುತ್ತಿಲ್ಲ.

ಬಾಯಲ್ಲಿ ಹೇಳಿ ಸಾಕಾಗಿ, ಒಮ್ಮೆ ಒಂದು ಕಚೇರಿಯ ಮೀಟಿಂಗಿಗೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹೋದೆ. ಅವರದೇ ಒಂದು ಹಳೆಯ ಲ್ಯಾಪ್‌ಟಾಪ್ ಕೇಳಿದೆ. ಪಾಸ್‌ವರ್ಡ್ ನನಗೆ ಹೇಳಬೇಡಿ ಅಂದೆ. ಮಗುಚಿ ಹಾಕಿ, ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಇರುವ ಡಿಸ್ಕ್, ಇತ್ತು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದು ಪಟ್ಟಿ, ಹಿಡಿದಿದ್ದದ್ದು ಒಂದೇ ಒಂದು ಸ್ಕ್ರೂ. ಅದನ್ನು ಕಿತ್ತು, ಯುಎಸ್‌ಬಿ ಡಬ್ಬಿಗೆ ಹಾಕಿ, ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಯೂಸರ್ ಫೋಲ್ಡರ್ ತೆರೆಯಲು ಹೋದರೆ, ನಿಮಗೆ ಅನುಮತಿ ಇಲ್ಲ ಅಂತ ವಿಂಡೋಸ್ ಹೇಳಿತು. ಕೆಳಗೇ "ಕಂಟಿನ್ಯೂ" ಅನ್ನುವ ಬಟನ್ ಇತ್ತು. ಒತ್ತಿದೆ. ಎಲ್ಲರ ಸಂಬಳದ ಪಟ್ಟಿ ತೆರೆಯ ಮೇಲೆ ಬಂತು. ಎಲ್ಲಿಯೂ ಪಾಸ್‌ವರ್ಡ್ ಕೇಳಲೇ ಇಲ್ಲ.

ಯಾಕೆ ಕೇಳಲಿಲ್ಲ? ಲಾಗಿನ್ ಪಾಸ್‌ವರ್ಡ್ ಕೇಳುವುದು ಆ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ವಿಂಡೋಸ್. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಆ ವಿಂಡೋಸ್ ಓಡುವುದೇ ಇಲ್ಲ, ಕೇಳುವವರೇ ಇಲ್ಲ. ಫೈಲುಗಳು ಬರೆದಿಟ್ಟ ಹಾಗೇ ಬಿದ್ದಿರುತ್ತವೆ. ಪಾಸ್‌ವರ್ಡ್ 8 ಅಕ್ಷರ ಇರಲಿ, 40 ಇರಲಿ, ಇಲ್ಲಿ ಲೆಕ್ಕಕ್ಕೇ ಇಲ್ಲ. ಇದನ್ನೇ ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಲಾಗಿನ್ ಪಾಸ್‌ವರ್ಡ್ ಫೈಲುಗಳಿಗೆ ಬೀಗ ಹಾಕುವುದಿಲ್ಲ. ಬೀಗ ಹಾಕುವುದು ಎನ್‌ಕ್ರಿಪ್ಶನ್. ವಿಂಡೋಸಿನಲ್ಲಿ ಬಿಟ್‌ಲಾಕರ್, ಮ್ಯಾಕಿನಲ್ಲಿ ಫೈಲ್‌ವಾಲ್ಟ್. ಬಿಟ್‌ಲಾಕರ್ ಆನ್ ಇರುವ ಡಿಸ್ಕನ್ನು ಅದೇ ಡಬ್ಬಿಗೆ ಹಾಕಿ ತೋರಿಸಿದೆ. 48 ಅಂಕಿಯ ರಿಕವರಿ ಕೀ ಕೇಳಿತು. ಅದಿಲ್ಲದೆ ಒಂದು ಫೈಲಿನ ಹೆಸರೂ ಕಾಣಲಿಲ್ಲ.

ಜನರ ಈ ತಪ್ಪು ತಿಳಿವಳಿಕೆಗೆ ಕಾರಣ ಫೋನು ಅಂತ ನನಗೆ ಅನ್ನಿಸುತ್ತದೆ. ಐಫೋನಿನಲ್ಲಿ ಪಾಸ್‌ಕೋಡ್ ಎನ್‌ಕ್ರಿಪ್ಶನ್ ಕೀಲಿಗೇ ಸೇರಿಕೊಂಡಿರುತ್ತದೆ. 2019ರ ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಬರುವ ಫೋನುಗಳಿಗೆಲ್ಲ ಎನ್‌ಕ್ರಿಪ್ಶನ್ ಕಡ್ಡಾಯವಾಯಿತು. ಫೋನಿನ ವಿಷಯದಲ್ಲಿ "ಲಾಕ್ ಇದೆ, ಪರವಾಗಿಲ್ಲ" ಅನ್ನುವುದು ಬಹುಮಟ್ಟಿಗೆ ಸರಿ. ಅದೇ ಲೆಕ್ಕವನ್ನು ಲ್ಯಾಪ್‌ಟಾಪಿಗೂ ಹಾಕುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಐಟಿಯವರಿಗೂ ಒಂದು ಮಾತು. ಎಲ್ಲ ಯಂತ್ರಗಳಿಗೂ ಎನ್‌ಕ್ರಿಪ್ಟ್ ಆಗಿ ಅಂತ ಒಂದೇ ಕಡೆಯಿಂದ ಕಳಿಸುವ ಸೂಚನೆಗೆ ಪಾಲಿಸಿ ಅನ್ನುತ್ತಾರೆ. "ಪಾಲಿಸಿ ಹಾಕಿದ್ದೀವಿ ಸರ್" ಅಂದರೆ ನನಗೆ ಸಾಲದು. ಪಾಲಿಸಿ ಕಳಿಸುವುದು ಬೇರೆ, ಡಿಸ್ಕಿಗೆ ಬೀಗ ಬೀಳುವುದು ಬೇರೆ. ಮ್ಯಾನೇಜ್-ಬಿಡಿಇ ಕಮಾಂಡ್ ಕೊಟ್ಟು ಬಿಟ್‌ಲಾಕರಿನ ಸ್ಟೇಟಸ್ ನೋಡಿ. "ಪರ್ಸೆಂಟೇಜ್ ಎನ್‌ಕ್ರಿಪ್ಟೆಡ್ 100" ಅಂತ ಇರುತ್ತದೆ, ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಇನ್ನೂ ಸ್ವಲ್ಪ ಕೆಳಗೆ "ಪ್ರೊಟೆಕ್ಷನ್ ಸ್ಟೇಟಸ್" ಅನ್ನುವ ಸಾಲಿದೆ. ಅದು "ಆಫ್" ಇದ್ದರೆ ಆ ನೂರಕ್ಕೆ ಬೆಲೆಯಿಲ್ಲ. ಬಯಾಸ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ, ಅಪ್‌ಡೇಟ್ ಮಾಡುವಾಗ ಬಿಟ್‌ಲಾಕರ್ ಸಸ್ಪೆಂಡ್ ಮಾಡುತ್ತಾರೆ, ತಾತ್ಕಾಲಿಕವಾಗಿ ನಿಲ್ಲಿಸಿಡುತ್ತಾರೆ. ಆಗ ಕೀಲಿಯನ್ನು ಡಿಸ್ಕಿನ ಮೇಲೇ ಬಿಚ್ಚಿಟ್ಟ ಹಾಗೆ. ಎಷ್ಟು ಸಲ ರೀಸ್ಟಾರ್ಟ್ ಆದರೂ ಹಾಗೇ ಇರಲಿ ಅನ್ನುವ ಆಯ್ಕೆಯೂ ಇದೆ. ಅದನ್ನು ಬಳಸಿ, ಮತ್ತೆ ಆನ್ ಮಾಡುವುದನ್ನು ಮರೆತ ಯಂತ್ರಗಳನ್ನು ನಾನು ನೋಡಿದ್ದೇನೆ. ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಅದೇ ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಇಟ್ಟವರೂ ಇದ್ದಾರೆ. ದಯವಿಟ್ಟು ಬೇಡ.

ಎನ್‌ಕ್ರಿಪ್ಶನ್ ಇದ್ದರೆ ಎಲ್ಲ ಮುಗಿಯಿತು ಅಂತಲೂ ನಾನು ಹೇಳಲಾರೆ. ಸ್ಲೀಪ್‌ನಲ್ಲಿರುವ ಲ್ಯಾಪ್‌ಟಾಪಿನ ಮೆಮೊರಿಯಲ್ಲಿ ಕೀಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪವರ್ ಹೋದ ಕೂಡಲೇ ಮೆಮೊರಿ ಖಾಲಿಯಾಗುವುದಿಲ್ಲ, ತಣ್ಣಗೆ ಮಾಡಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ, ಅದರಿಂದ ಕೀಲಿ ತೆಗೆಯಬಹುದು ಅಂತ 2008ರಲ್ಲೇ ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದ್ದರು. ಸಾಮಾನ್ಯ ಕಳ್ಳ ಅಷ್ಟೆಲ್ಲ ಕಷ್ಟಪಡುವುದಿಲ್ಲ. ಆದರೂ ಹೊರಗೆ ಒಯ್ಯುವಾಗ ಮುಚ್ಚಳ ಮುಚ್ಚಿದರೆ ಸಾಲದು, ಶಟ್‌ಡೌನ್ ಮಾಡಿ. ತುಂಬ ಸೂಕ್ಷ್ಮ ಮಾಹಿತಿ ಇರುವ ಯಂತ್ರಕ್ಕೆ ಬೂಟ್ ಆಗುವ ಮೊದಲೇ ಪಿನ್ ಕೇಳುವ ಹಾಗೆ ಮಾಡುವುದು ಒಳ್ಳೆಯದು. ನಿಮಗೆ ಅದು ಬೇಕೋ ಬೇಡವೋ ಅನ್ನುವುದು ನಿಮ್ಮ ಕೆಲಸದ ಮೇಲಿದೆ.

"ರಿಮೋಟ್ ವೈಪ್ ಮಾಡಿಬಿಡಿ ಸರ್" ಅನ್ನುತ್ತಾರೆ, ದೂರದಿಂದಲೇ ಎಲ್ಲ ಅಳಿಸಿಬಿಡಿ ಅಂತ. ಮಾಡುತ್ತೇನೆ. ಆದರೆ ಆ ಆದೇಶ ಸರ್ವರಿನಲ್ಲಿ ಕಾಯುತ್ತಾ ಕೂರುತ್ತದೆ. ಲ್ಯಾಪ್‌ಟಾಪ್ ಇಂಟರ್ನೆಟ್‌ಗೆ ಬಂದರೆ ತಾನೇ ಅದು ತಲುಪುವುದು? ಡಿಸ್ಕ್ ಕಿತ್ತುಕೊಂಡವರು ಅದನ್ನು ಇಂಟರ್ನೆಟ್‌ಗೆ ತರುವುದೇ ಇಲ್ಲ.

ಹಿಂದೊಮ್ಮೆ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿಯೊಬ್ಬಳು ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬಿಟ್ಟಿದ್ದಳು. ಹೇಳಿದ್ದು ನಾಲ್ಕನೇ ದಿನ. ಅಷ್ಟು ದಿನವೂ ಮೈ ಸರಿಯಿಲ್ಲ ಅಂತ ರಜೆ ಹಾಕಿದ್ದಳಂತೆ. ನನ್ನ ಎದುರು ಕೂತಾಗ ಕಣ್ಣು ಕೆಂಪಾಗಿತ್ತು. ಕೆಲಸ ಹೋಗುತ್ತದೆ ಅನ್ನುವ ಭಯ, ಪಾಪ. ಪಟ್ಟಿಯಲ್ಲಿ ಅವಳ ಯಂತ್ರ ಹುಡುಕಿದೆ. ಎನ್‌ಕ್ರಿಪ್ಟ್ ಆಗಿದೆ, ಪ್ರೊಟೆಕ್ಷನ್ ಆನ್, ರಿಕವರಿ ಕೀ ನಮ್ಮಲ್ಲೇ ಇದೆ. ತೆರೆಯನ್ನು ಅವಳ ಕಡೆಗೆ ತಿರುಗಿಸಿ, ಒಂದೊಂದೇ ಸಾಲು ಓದಿ ಹೇಳಿದೆ.

"ಹಾಗಾದರೆ ಮೊದಲನೇ ದಿನವೇ ಹೇಳಬಹುದಿತ್ತಾ ಸರ್?"

"ಹೇಳಬಹುದಿತ್ತಮ್ಮಾ."

ಅವಳ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿಸಿ, ಸಂಜೆಯೊಳಗೆ ಇನ್ನೊಂದು ಲ್ಯಾಪ್‌ಟಾಪ್ ಕೈಗೆ ಕೊಟ್ಟೆವು. ಕೊಡುವ ಮೊದಲು ಪ್ರೊಟೆಕ್ಷನ್ ಸಾಲನ್ನು ಅವಳೇ ತೆಗೆದು ನೋಡಿದಳು.