ಪ್ಯಾರಾಸಿಟಮಾಲ್, ಲಿವರ್, ನೆಲನೆಲ್ಲಿ: ನಾನು ಎಡವಿದ ಜಾಗ

ಮೊನ್ನೆ ಹಾಸನದಲ್ಲಿ ಬರೆದ ಇಂಟರ್ನಲ್ಸ್‌ನಲ್ಲಿ ಔಷಧದಿಂದ ಲಿವರ್ ಹಾಳಾಗದಂತೆ ತಡೆಯುವ ಸಸ್ಯಾಂಶಗಳ ಪ್ರಶ್ನೆಗೆ ಹತ್ತಕ್ಕೆ ನಾಲ್ಕು ಬಂತು. ಹೆಸರೆಲ್ಲ ಸರಿ ಇತ್ತು. ಪ್ರಯೋಗದ ಪಟ್ಟಿ ಓದೋದರಲ್ಲಿ ಎಡವಿದ್ದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹೆಸರುಗಳು ಬೇಗ ಮುಗಿಸೋಣ. ಮಿಲ್ಕ್ ಥಿಸಲ್ ಬೀಜದ ಸಿಲಿಮರಿನ್, ಅದರಲ್ಲಿ ಮುಖ್ಯವಾದದ್ದು ಸಿಲಿಬಿನ್. ನೆಲಬೇವಿನ ಆಂಡ್ರೋಗ್ರಾಫೋಲೈಡ್. ಹಿಮಾಲಯದ ಕಟುಕರೋಹಿಣಿಯ ಪಿಕ್ರೋಸೈಡ್. ಅರಿಶಿನದ ಕರ್ಕ್ಯುಮಿನ್. ನೆಲನೆಲ್ಲಿಯ ಫಿಲಾಂಥಿನ್. ನೆಲನೆಲ್ಲಿಯನ್ನು ಚಿತ್ರ ನೋಡಿ ಕಲಿಯಬೇಕಿಲ್ಲ, ನಮ್ಮೂರ ಕಡೆ ಅಂಗಳದಲ್ಲೇ ಏಳುತ್ತದೆ, ಎಲೆಯ ಅಡಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿ ಸಾಲಾಗಿರುತ್ತದೆ. ಕಾಮಾಲೆ ಅಂದರೆ ಅಜ್ಜಿ ಇದನ್ನೇ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. (ಆ ಕಾಮಾಲೆ ಎಷ್ಟೋ ಸಲ ವೈರಸ್‌ನದು, ತಾನಾಗಿಯೇ ಇಳಿಯುವಂಥದ್ದು. ಮಾತ್ರೆಯ ಹಾನಿ ಬೇರೆ. ಎರಡನ್ನೂ ಕಲಸಬೇಡಿ.)

ಈಗ ಎಡವಿದ ಜಾಗ. ಪ್ಯಾರಾಸಿಟಮಾಲ್‌ನ ಹೆಚ್ಚಿನ ಪಾಲು ತೊಂದರೆ ಕೊಡದೆ ಮೂತ್ರದಲ್ಲಿ ಹೋಗುತ್ತದೆ. ಸ್ವಲ್ಪ ಪಾಲನ್ನು ಮಾತ್ರ ಲಿವರ್‌ನ ಸಿವೈಪಿ 2ಇ1 ಎಂಬ ಕಿಣ್ವ ನ್ಯಾಪ್‌ಕ್ವಿ ಎಂಬ ವಿಷ ಮಾಡುತ್ತದೆ. ಅದನ್ನು ಲಿವರ್ ತಾನೇ ಮಾಡಿಕೊಳ್ಳುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಹಿಡಿದು ಹೊರಗೆ ಹಾಕುತ್ತದೆ. ಕಾಫಿ ಕುಯ್ಲು ನೆನಪಿಸಿಕೊಳ್ಳಿ. ಆಳುಗಳು ಕಿಣ್ವ, ಹಣ್ಣು ನ್ಯಾಪ್‌ಕ್ವಿ, ಚೀಲ ಗ್ಲುಟಾಥಯೋನ್. ಚೀಲ ಇರುವವರೆಗೆ ಎಲ್ಲ ಸರಿ. ಮುಕ್ಕಾಲು ಪಾಲು ಚೀಲ ಖಾಲಿಯಾಗುವ ಹೊತ್ತಿಗೆ ಹಣ್ಣು ನೆಲಕ್ಕೆ ಬಿದ್ದು ಕೊಳೆಯಲು ಶುರು, ಅಂದರೆ ನ್ಯಾಪ್‌ಕ್ವಿ ಹೋಗಿ ಜೀವಕೋಶದ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆಯಲ್ಲಿ ಕೊಟ್ಟ ಪಟ್ಟಿಯಲ್ಲಿ ಪ್ರಯೋಗದ ಪ್ರಾಣಿಗಳ ಮೂರು ಗುಂಪು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ಪ್ಯಾರಾಸಿಟಮಾಲ್, ಮೂರನೆಯದಕ್ಕೆ ಏಳು ದಿನ ಗಿಡದ ಸಾರ ಕೊಟ್ಟು ಆಮೇಲೆ ಪ್ಯಾರಾಸಿಟಮಾಲ್. ಬರೀ ಪ್ಯಾರಾಸಿಟಮಾಲ್ ಗುಂಪಿಗಿಂತ ಮೂರನೆಯದರಲ್ಲಿ ಎಸ್‌ಜಿಪಿಟಿ (ಲಿವರ್ ಹಾಳಾದಾಗ ರಕ್ತದಲ್ಲಿ ಏರುವ ಕಿಣ್ವ) ಕಡಿಮೆ, ಗ್ಲುಟಾಥಯೋನ್ ಜಾಸ್ತಿ. "ಗಿಡ ಗ್ಲುಟಾಥಯೋನ್ ಹೆಚ್ಚಿಸಿತು" ಅಂತ ಧೈರ್ಯವಾಗಿ ಬರೆದೆ. ಮೇಡಂ ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಎರಡೇ ಪದ ಗೀಚಿದ್ದರು: "ಖರ್ಚಾಗಿತ್ತಾ ಮೊದಲು?"

ಎರಡು ದಿನ ತಲೆಗೆ ಹೋಗಲಿಲ್ಲ. ಸಂಜೆ ತೋಟದಲ್ಲಿ ಚೀಲ ಉಳಿದಿದ್ದರೆ ಹೊಸ ಚೀಲ ತಂದಿದ್ದಾರೆ ಅಂತಲೇ ಇರಬೇಕಿಲ್ಲ, ಅವತ್ತು ಆಳುಗಳೇ ಬರದೆ ಇರಬಹುದು ಅಲ್ವಾ? ಸಾರದಲ್ಲಿರುವ ಯಾವುದೋ ಅಂಶ ಮೊದಲೇ ಹೋಗಿ ಸಿವೈಪಿ 2ಇ1 ಅನ್ನು ತಡೆದಿದ್ದರೆ ನ್ಯಾಪ್‌ಕ್ವಿ ಹುಟ್ಟುವುದೇ ಇಲ್ಲ, ಗ್ಲುಟಾಥಯೋನ್ ಖರ್ಚಾಗುವುದೂ ಇಲ್ಲ, ಎಸ್‌ಜಿಪಿಟಿ ಏರುವುದೂ ಇಲ್ಲ, ಪಟ್ಟಿ ಮಾತ್ರ ಥೇಟ್ ಹಾಗೇ ಕಾಣುತ್ತದೆ. ಇನ್ನೊಂದು ಕಿತಾಪತಿ ಇದೆ: ನೀರಲ್ಲಿ ಕರಗದ ಸಾರವನ್ನು ಡಿಎಂಎಸ್ಓ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ, ಆ ಡಿಎಂಎಸ್ಓನೇ ಈ ಕಿಣ್ವವನ್ನು ತಡೆಯುತ್ತದೆ! ಸಾರವಿಲ್ಲದ ಬರೀ ಡಿಎಂಎಸ್ಓ ಕೊಟ್ಟು ಆಮೇಲೆ ಪ್ಯಾರಾಸಿಟಮಾಲ್ ಕೊಟ್ಟ ಗುಂಪು ಇಲ್ಲದಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

ಪತ್ತೆ ಹಚ್ಚೋದು ಹೇಗೆ? ಪ್ಯಾರಾಸಿಟಮಾಲ್ ಕೊಟ್ಟ ಅರ್ಧ ಗಂಟೆಯೊಳಗೆ ಗ್ಲುಟಾಥಯೋನ್ ಅಳೆಯಬೇಕು. ಸಾರ ಕೊಟ್ಟ, ಕೊಡದ ಎರಡೂ ಗುಂಪಲ್ಲಿ ಒಂದೇ ಥರ ಕುಸಿದಿದ್ದರೆ ವಿಷ ಹುಟ್ಟಿದೆ, ರಕ್ಷಣೆ ಆಮೇಲಿನದು. ಕುಸಿಯದೇ ಇದ್ದರೆ ಅನುಮಾನ ಪಡಿ. ಇಲ್ಲವಾದರೆ ಸಾರವನ್ನು ಆಮೇಲೆ ಕೊಟ್ಟು ನೋಡಬೇಕು, ಏಕೆಂದರೆ ಆಸ್ಪತ್ರೆಗೆ ಬರುವವರು ಮಾತ್ರೆ ನುಂಗಿಯೇ ಬರುವುದು.

ಅಲ್ಲಿ ಕೊಡುವುದು ಎನ್-ಅಸಿಟೈಲ್ ಸಿಸ್ಟೀನ್ ಎಂಬ ಮದ್ದು, ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ತುಂಬ ಒಳ್ಳೆಯದು. ಅದು ಚೀಲ ಅಲ್ಲ, ಚೀಲ ಹೊಲಿಯುವ ದಾರ. ಲಿವರ್ ತಾನೇ ಹೊಲಿದುಕೊಳ್ಳುತ್ತದೆ.

ವಿಷ ಒಳಗೆ ಹೋದ ಮೇಲೂ ಕೊಡುವ ಸಸ್ಯಾಂಶ ಅಂದರೆ ಸಿಲಿಬಿನ್, ಆದರೆ ಮಾತ್ರೆಗಲ್ಲ, ಅಮನೀಟಾ ಅಣಬೆಯ ವಿಷಕ್ಕೆ, ಅದೂ ರಕ್ತನಾಳದ ಮೂಲಕ. ಆ ವಿಷ ಪಿತ್ತದ ಜೊತೆ ಕರುಳಿಗೆ ಇಳಿದು ಮತ್ತೆ ಲಿವರ್‌ಗೆ ಬರುತ್ತದೆ, ಸಿಲಿಬಿನ್ ಕೋಶದ ಬಾಗಿಲಲ್ಲೇ ಅದನ್ನು ತಡೆಯುತ್ತದೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಹಂಗಾರೆ ಮಾತ್ರೆ ಜೊತೆಗೇ ನೆಲನೆಲ್ಲಿ ಕುಡುದ್ರೆ ಆಯ್ತಲ್ಲ ಮಗ?" ಅಂದರು. ಬೇಡ ಅಜ್ಜಿ ಅಂದೆ. ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟವರ ವರದಿ 2021ರಲ್ಲಿ ಮುಂಬೈಯಿಂದ ಬಂದಿದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ, 650ರ ಮಾತ್ರೆ ಆರು ಆದರೆ 3,900 ಮಿಲಿಗ್ರಾಂ, ಎಣಿಸಿ ನುಂಗಿದರೆ ಸಾಕು. ಅಜ್ಜಿ ಮಾತಾಡಲಿಲ್ಲ. ಎದ್ದು ಹೋಗಿ ಡಬ್ಬಿಯಲ್ಲಿದ್ದ ಮಾತ್ರೆ ಎಣಿಸಿದರು.