ಉಪ್ಪಾಗೆ ಬೊಜ್ಜು ಕರಗಿಸುತ್ತದೆಯೇ?

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ ಒಣಗಿಸುವ ಹೊಗೆ ಏಳುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲೇ ಹಣ್ಣಾಗುವ ಕಾಯಿ ಇದು. ಬೆಂಕಿ ಹಾಕದೆ ಒಣಗುವುದಿಲ್ಲ, ಅದಕ್ಕಾಗಿ ಉರಿಯುವ ಕಟ್ಟಿಗೆಯೂ ಕಡಿಮೆಯಲ್ಲ. ಆ ಕಪ್ಪು ಸಿಪ್ಪೆ ಕೇರಳದ ಮೀನುಸಾರಿಗೆ ಹುಳಿಯಾಗುತ್ತದೆ, ಕಡಲಾಚೆ ಹೋಗಿ ‘ಗಾರ್ಸೀನಿಯಾ’ ಎಂಬ ತೂಕ ಇಳಿಸುವ ಮಾತ್ರೆಯಾಗುತ್ತದೆ. ಈಗ ಆ ಮಾತ್ರೆ ಡಬ್ಬಿಯಲ್ಲಿ ನಮ್ಮಲ್ಲಿಗೇ ಮರಳಿದೆ. ನಮ್ಮ ಕಾಡಿನದೇ ಹಣ್ಣು, ತಿಂದರೆ ಬೊಜ್ಜು ಕರಗೀತು, ಹಾನಿಯಂತೂ ಇಲ್ಲ ಎಂಬ ನಂಬಿಕೆಯೂ ಅದರ ಬೆನ್ನಿಗೇ ಬಂದಿದೆ.

ಈ ನಂಬಿಕೆಯ ಬುಡದಲ್ಲಿ ಸೊಗಸಾದ ರಸಾಯನಶಾಸ್ತ್ರವಿದೆ. ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಕೇಂದ್ರವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ನಿಂಬೆಯ ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಒಂದೇ ಒಂದು ಆಮ್ಲಜನಕದ ಪರಮಾಣುವಿನಷ್ಟು ವ್ಯತ್ಯಾಸ. ಆ ಒಂದು ಪರಮಾಣುವೇ ಎಲ್ಲ ಕತೆಗೆ ಕಾರಣ.

ಜೀವಕೋಶಕ್ಕೆ ಸಕ್ಕರೆ ಮಿಕ್ಕಿದಾಗ ಅದನ್ನು ಸಿಟ್ರೇಟ್ (ಸಿಟ್ರಿಕ್ ಆಮ್ಲದ್ದೇ ಒಂದು ರೂಪ) ಮಾಡಿ, ಒಂದು ಕಿಣ್ವದಿಂದ ಆ ಸಿಟ್ರೇಟನ್ನು ಸೀಳಿ, ಸಿಕ್ಕ ತುಂಡುಗಳನ್ನು ಪೋಣಿಸಿ ಕೊಬ್ಬು ನೇಯುವ ದಾರಿಯೊಂದಿದೆ. ಉಪ್ಪಾಗೆಯ ಆಮ್ಲ ಸಿಟ್ರೇಟಿನ ವೇಷದಲ್ಲಿ ಬಂದು ಆ ಕಿಣ್ವದಲ್ಲಿ ಕೂತುಬಿಡುತ್ತದೆ. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಂಡ ಬೀಗದಕೈಯಂತೆ. ಸರಿಯಾದ ಕೈ ಆಮೇಲೆ ಬಂದರೂ ಒಳಗೆ ಹೋಗಲಾರದು. ಇಲಿಗಳಲ್ಲಿ ಇದು ಕೆಲಸ ಮಾಡಿದ್ದೂ ನಿಜ, ಏಕೆಂದರೆ ಇಲಿ ಸಕ್ಕರೆಯನ್ನು ಕೊಬ್ಬಾಗಿಸುವುದರಲ್ಲಿ ಬಲು ಚುರುಕು.

ಮನುಷ್ಯನ ದೇಹ ಸಾಮಾನ್ಯ ಊಟದಲ್ಲಿ ಈ ದಾರಿಯನ್ನು ಬಳಸುವುದು ಅಲ್ಪ. ದೇವಿಮನೆ ಘಟ್ಟ ಕುಸಿದರೆ ಶಿರಸಿಯಿಂದ ಕುಮಟೆಗೆ ಇಳಿಯುವ ಲಾರಿ ನಿಂತೀತು, ಕಾರವಾರದಿಂದ ಹೆದ್ದಾರಿಯಲ್ಲಿ ಬರುವ ಲಾರಿಗೆ ಅದರಿಂದ ಏನೂ ಆಗದು. ನಮ್ಮ ಹೊಟ್ಟೆಯ ಬೊಜ್ಜು ಹೆಚ್ಚಾಗಿ ಬರುವುದು ಆ ಹೆದ್ದಾರಿಯಲ್ಲಿ. ತಿಂದ ಎಣ್ಣೆ, ಕಾಯಿ, ತುಪ್ಪದ ಕೊಬ್ಬು ಕರುಳಿನಿಂದ ರಕ್ತಕ್ಕೆ ಸೇರಿ ನೇರ ಉಗ್ರಾಣಕ್ಕೆ ಹೋಗುತ್ತದೆ. ಹಾಗಾದರೆ ಅನ್ನ, ಬೆಲ್ಲಗಳಿಂದ ದಪ್ಪಗಾಗುವುದು ಹೇಗೆ? ಬಚ್ಚಲ ಒಲೆ ನೋಡಿ. ದಿನವೂ ಅಡಿಕೆ ಸಿಪ್ಪೆ ಸಿಗುತ್ತಿದ್ದರೆ ಒಟ್ಟಿಟ್ಟ ಕಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ದೇಹ ಪಿಷ್ಟ, ಸಕ್ಕರೆಯನ್ನು ಮೊದಲು ಉರಿಸುತ್ತದೆ. ಅದು ಮುಗಿಯದೆ ಇದ್ದರೆ ಕೊಬ್ಬಿನ ರಾಶಿ ಹಾಗೇ ಉಳಿಯುತ್ತದೆ, ಹೊಸ ಹೊರೆ ಅದರ ಮೇಲೇ ಬೀಳುತ್ತದೆ.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ ಪರೀಕ್ಷೆ ಇದನ್ನೇ ಹೇಳಿತು. 135 ಜನ, 12 ವಾರ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಪೊಳ್ಳು ಮಾತ್ರೆ. ಇಬ್ಬರಿಗೂ ನಾರು ಹೆಚ್ಚಿರುವ, ಕ್ಯಾಲೊರಿ ಕಡಿಮೆ ಇರುವ ಊಟ. ಆಮ್ಲ ತಿಂದವರು ಸರಾಸರಿ 3.2 ಕಿಲೊ ಇಳಿದರು, ಪೊಳ್ಳು ಮಾತ್ರೆಯವರು 4.1 ಕಿಲೊ. ಆ ಅಂತರ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಇಬ್ಬರೂ ಇಳಿದರು ಎಂಬುದು. ಇಳಿಸಿದ್ದು ಊಟ. ಇನ್ನು ಗಾರ್ಸೀನಿಯಾ ಇರುವ ಮಾತ್ರೆ ತಿಂದವರ ಯಕೃತ್ತು ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಸಾರಿಗೆ ಹಾಕುವ ಎರಡು ಸಿಪ್ಪೆಗೂ ಸಾಂದ್ರಗೊಳಿಸಿದ ಮಾತ್ರೆಗೂ ಬಹಳ ಅಂತರವಿದೆ.

ಹಾಗಾದರೆ ಅಡುಗೆಮನೆಯಲ್ಲಿ ಅಳೆಯಬೇಕಾದದ್ದು ಏನು? ಮೊದಲು ಎಣ್ಣೆ. ಬಾಟಲಿಯಿಂದ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿ. 15 ಮಿಲಿಲೀಟರಿಗೆ ಸುಮಾರು 120 ಕ್ಯಾಲೊರಿ. ಉಪ್ಪಾಗೆ ಬೀಜದ ತುಪ್ಪಕ್ಕೂ ಇದೇ ಲೆಕ್ಕ, ಹುಳಿ ಹಣ್ಣಿನದೆಂದು ಅದರ ಕೊಬ್ಬು ಹಗುರಾಗದು. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲೂ ಅಷ್ಟೇ. ಒಂದು ವಾರ ನಿಮ್ಮ ಪಾಲಿನ ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ. ಊಟಕ್ಕೆ 100 ಗ್ರಾಂ ಇದ್ದರೆ 70ಕ್ಕೆ ತನ್ನಿ, ಆ ಜಾಗಕ್ಕೆ ಬಸಳೆ, ಹರಿವೆ, ಮೊಗೇಕಾಯಿ ತುಂಬಿ. ಬಂಗಡೆಯನ್ನು ರವೆ ಹಚ್ಚಿ ಹುರಿಯುವ ಬದಲು ಸಾರು ಮಾಡಿದರೆ ಪ್ರೋಟೀನು ಹಾಗೇ ಉಳಿಯುತ್ತದೆ, ರವೆ ಹೀರುವ ಎಣ್ಣೆ ತಪ್ಪುತ್ತದೆ. ಲೋಟ ಕಷಾಯಕ್ಕೆ ಎರಡು ಸಣ್ಣ ಚಮಚ ಬೆಲ್ಲ ಹಾಕಿ ದಿನಕ್ಕೆ ಐದು ಲೋಟ ಕುಡಿದರೆ 190 ಕ್ಯಾಲೊರಿ ಆಯಿತು. ಮುರುಗಲ ಶರಬತ್ತಿನಲ್ಲಿಯೂ ಸಕ್ಕರೆಯೇ ಹೊರೆ.

ಹೀಗೆ ದಿನಕ್ಕೆ 400 ಕ್ಯಾಲೊರಿ ಕಡಿಮೆಯಾದರೆ ತಿಂಗಳಿಗೆ ಒಂದೂವರೆ ಕಿಲೊ; ಬೊಜ್ಜಿನ ಒಂದು ಕಿಲೊಗೆ ಸುಮಾರು 7700 ಕ್ಯಾಲೊರಿ ಎಂಬ ಲೆಕ್ಕ ಇದು. ಮೊದಲ ವಾರ ಇದಕ್ಕಿಂತ ಬೇಗ ಇಳಿಯುವುದು ನೀರು. ಮೂರ್ನಾಲ್ಕು ತಿಂಗಳಿಗೆ ಇಳಿಕೆ ನಿಧಾನವಾದರೆ ಗಾಬರಿ ಬೇಡ. ಹಗುರಾದ ದೇಹಕ್ಕೆ ಬೇಕಾಗುವ ಇಂಧನವೇ ಕಡಿಮೆ. ಜನ ಬಿಟ್ಟುಬಿಡುವುದು, ಮಾತ್ರೆಯ ಡಬ್ಬಿಗೆ ಕೈ ಹಾಕುವುದು ಇಲ್ಲಿಯೇ.

70 ಕಿಲೊ ತೂಕದವರು ಕಾರವಾರದ ಟಾಗೋರ್ ಕಡಲತೀರದಲ್ಲಿ 5 ಕಿಲೋಮೀಟರು ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. ಮುಗಿಸಿ ಬಂದು ಎರಡು ಬನ್ಸ್ ತಿಂದರೆ ಅಷ್ಟೂ ಒಳಗೆ ಬಂತು. ನೀರಂಚಿನ ಗಟ್ಟಿ ಮರಳಿನಿಂದ ಶುರುಮಾಡಿ. ಒಣ ಮರಳಿನಲ್ಲಿ ಖರ್ಚು ಎರಡು ಪಟ್ಟು ಮೀರುತ್ತದೆ, ಆದರೆ ರೂಢಿಯಿಲ್ಲದ ಮೀನಖಂಡದ ಸ್ನಾಯು ನೋಯುತ್ತದೆ. ಜೂನ್ ಬಂದು ನಡಿಗೆ ನಿಂತಾಗ ಮನೆಯೊಳಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ. ಹತ್ತರಂತೆ ಮೂರು ಸಲ, ವಾರಕ್ಕೆ ಮೂರು ದಿನ. ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯುವುದು ಈ ಕೆಲಸ.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಭಾರತೀಯರಿಗೆ ಹೇಳುವ ಮಿತಿ. ತೂಕದ ಮುಳ್ಳು ಅಲುಗದಿದ್ದರೂ ಟೇಪು ಎರಡು ಸೆಂಟಿಮೀಟರು ಒಳಗೆ ಬಂದಿದ್ದರೆ ಅಕ್ಕಿಯ ಅಳತೆಯನ್ನು ಬದಲಿಸಬೇಡಿ.