ಯುರೋಪಿಯಂ ಎದ್ದು ನಿಂತರೆ ಬೇರಿಯಂ ಎಷ್ಟೆಂದು ಕೇಳಿ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವುದು ಇಂಚು-ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಭಾಗಮಂಡಲದ ಲೆಕ್ಕವನ್ನೂ ಕುಶಾಲನಗರದ ಲೆಕ್ಕವನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಭಾಗಮಂಡಲದಲ್ಲಿ ಮಳೆ ಜಾಸ್ತಿ ಎಂಬ ಹಳೇ ವಿಷಯವಷ್ಟೇ ಸಿಗುತ್ತದೆ. ಆಯಾ ಊರಿನ ವಾಡಿಕೆ ಮಳೆಯಿಂದ ಭಾಗಿಸಿದರೆ ಮಾತ್ರ ಈ ವರ್ಷದ ಕಥೆ ಗೊತ್ತಾಗುವುದು.

ಆಳಸಮುದ್ರದ ಕೆಸರಿನ ವಿರಳ ಭೂಧಾತುಗಳಿಗೂ ಇದೇ ಉಪಾಯ. ಲ್ಯಾಂಥನಂನಿಂದ ಲುಟೇಷಿಯಂವರೆಗೆ, ಅಂದರೆ ಪರಮಾಣು ಸಂಖ್ಯೆ 57ರಿಂದ 71ರವರೆಗೆ, ಸಮಸಂಖ್ಯೆಯವು ಅಕ್ಕಪಕ್ಕದ ಬೆಸಸಂಖ್ಯೆಯವುಗಳಿಗಿಂತ ಹೆಚ್ಚು. ಹಾಗೇ ಗೆರೆ ಎಳೆದರೆ ಗರಗಸದ ಹಲ್ಲು. ಅದಕ್ಕೇ ಆಸ್ಟ್ರೇಲಿಯಾದ ಹಳೆಯ ಶೇಲ್ ಕಲ್ಲುಗಳ, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲುಗಳ, ಸರಾಸರಿಯಿಂದ (ಪಾಸ್ ಅನ್ನುತ್ತಾರೆ) ಭಾಗಿಸುವುದು. ಅದರಲ್ಲಿ ಲ್ಯಾಂಥನಂ ಸುಮಾರು 38 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 38 ಪಾಲು), ಸೀರಿಯಂ 80, ಯುರೋಪಿಯಂ ಬರೀ 1.08. ಇದೇ ನಮ್ಮ 'ವಾಡಿಕೆ'.

ಭಾಗಿಸಿದ ಮೇಲೆ ಸೀರಿಯಂ ಹತ್ತಿರ ಗುಳಿ ಬಿದ್ದರೆ ಅದು ಸಮುದ್ರದ ನೀರಿನ ಗುರುತು. ನೀರಿನಲ್ಲಿ ಸೀರಿಯಂ ನಾಲ್ಕರ ವೇಲೆನ್ಸಿಗೆ ಏರಿ ಮ್ಯಾಂಗನೀಸ್ ಉಂಡೆಗಳಿಗೆ ಅಂಟಿಕೊಳ್ಳುತ್ತದೆ, ನೀರಿಗೆ ಅದರ ಕೊರತೆ. ಕೆಸರಿನಲ್ಲಿರುವ ಮೀನಿನ ಹಲ್ಲು-ಮೂಳೆ ಆ ನೀರಿನಿಂದಲೇ ಭೂಧಾತುಗಳನ್ನು ಹೀರಿರುವುದರಿಂದ ಅವುಗಳಲ್ಲೂ ಆ ಗುಳಿ ಕಾಣುತ್ತದೆ. 2011ರಲ್ಲಿ ಜಪಾನಿನ ವಿಜ್ಞಾನಿ ಕಾಟೊ ಅವರ ತಂಡ ಪೆಸಿಫಿಕ್ ತಳದಲ್ಲಿ ಭೂಧಾತು ತುಂಬಿದ ಕೆಸರಿದೆ ಎಂದು ತೋರಿಸಿತಲ್ಲ, ಅಂಥ ಕೆಸರಿನಲ್ಲಿ ಮುಖ್ಯ ಕಣಜ ಈ ಮೂಳೆ ಚೂರುಗಳೇ.

ಅಳೆಯುವ ಮೊದಲು ಕೆಸರನ್ನು ಕರಗಿಸಬೇಕು, ಆ ಕೆಲಸ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೂಳೆಯ ಫಾಸ್ಫೇಟು ತೆಳು ಆಮ್ಲಕ್ಕೇ ಕರಗುತ್ತದೆ. ಜೇಡಿ ಹಾಗಲ್ಲ, ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಗಾಜಿನ ಪಾತ್ರೆ ಮುಟ್ಟಬೇಡಿ, ಟೆಫ್ಲಾನ್ ಮಾತ್ರ. ಕೊನೆಗೆ ಫ್ಲೋರೈಡನ್ನು ಪೂರ್ತಿ ಆವಿ ಮಾಡಿ ಓಡಿಸದಿದ್ದರೆ ಭೂಧಾತುಗಳು ಫ್ಲೋರೈಡಾಗಿ ತಳದಲ್ಲೇ ಕೂರುತ್ತವೆ, ಅಳತೆಗೆ ಸಿಗುವುದಿಲ್ಲ.

ಈಗ ನಾನು ಎಡವಿದ ಜಾಗ. ಅಭ್ಯಾಸಕ್ಕೆ ಕೊಟ್ಟ ಅಂಕಿಗಳಲ್ಲಿ ಯುರೋಪಿಯಂ ಗುಡ್ಡದ ಹಾಗೆ ಎದ್ದಿತ್ತು. ಸಮುದ್ರತಳದ ಬಿಸಿನೀರಿನ ಬುಗ್ಗೆಗಳಲ್ಲಿ ನಿಜಕ್ಕೂ ಹಾಗಾಗುತ್ತದೆ. ಹೊರಗೆ ಮಳೆ, ಕರೆಂಟಿಲ್ಲ, ಮೇಣದಬತ್ತಿ ಬೆಳಕಲ್ಲಿ ಬುಗ್ಗೆಗಳ ಬಗ್ಗೆ ಎರಡು ಪ್ಯಾರಾ ಬರೆದೆ. ಮರುದಿನ ಪಾಠ ಹೇಳುವ ಮೇಡಂ ನೋಡಿ ಕೇಳಿದ್ದು ಒಂದೇ ಮಾತು: "ಬೇರಿಯಂ ಎಷ್ಟಿದೆ?"

ಇಂಥ ಅಂಕಿಗಳನ್ನು ಕೊಡುವುದು ಐಸಿಪಿ-ಎಂಎಸ್ ಯಂತ್ರ: ಮಾದರಿಯನ್ನು ಪ್ಲಾಸ್ಮಾಕ್ಕೆ, ಅಂದರೆ ಉರಿಬಿಸಿ ಅನಿಲಕ್ಕೆ, ಊಡಿ ಪರಮಾಣುಗಳನ್ನು ತೂಕದ ಪ್ರಕಾರ ಎಣಿಸುತ್ತದೆ. ಅದು ನೋಡುವುದು ತೂಕವನ್ನು, ಹೆಸರನ್ನಲ್ಲ. 135 ತೂಕದ ಬೇರಿಯಂ ಪ್ಲಾಸ್ಮಾದಲ್ಲಿ 16 ತೂಕದ ಆಮ್ಲಜನಕದ ಕೈಹಿಡಿದರೆ 151, ಅದು ಯುರೋಪಿಯಂನ ತೂಕ. 137ರದ್ದು ಹಿಡಿದರೆ 153, ಅದೂ ಯುರೋಪಿಯಂನದೇ. ಬ್ಯಾರೈಟ್ (ಬೇರಿಯಂನ ಖನಿಜ) ಇರುವ ಕೆಸರಿನಲ್ಲಿ ಬೇರಿಯಂ 3000 ಪಿಪಿಎಂ ಇದೆ, ಸಾವಿರದಲ್ಲೊಂದು ಪಾಲು ಆಕ್ಸೈಡ್ ಆಯಿತು ಅಂದುಕೊಳ್ಳಿ. 151ರಲ್ಲಿ ಸುಮಾರು 0.46 ಪಿಪಿಎಂ ಸುಳ್ಳು ಯುರೋಪಿಯಂ, 153ರಲ್ಲಿ ಸುಮಾರು 0.7. ವಾಡಿಕೆಯೇ 1.08 ಇರುವಾಗ ಇದು ಸಣ್ಣ ಕಳ್ಳತನವಲ್ಲ.

ಕಳ್ಳ ಸುಳಿವನ್ನೂ ಬಿಟ್ಟಿರುತ್ತಾನೆ: ಎರಡೂ ತೂಕಗಳಿಂದ ಲೆಕ್ಕ ಹಾಕಿ, 153ರ ಉತ್ತರ ಹೆಚ್ಚು ಬಂದರೆ ಬೇರಿಯಂ ಮೇಲೆ ಅನುಮಾನ. ಅದೇ ದಿನ ಶುದ್ಧ ಬೇರಿಯಂ ದ್ರಾವಣ ಓಡಿಸಿ, ಆಕ್ಸೈಡ್ ಎಷ್ಟಾಗುತ್ತದೆಂದು ನೋಡಿ ಕಳೆಯಬೇಕು. ನಿನ್ನೆಯ ಅಂಕಿ ಇವತ್ತಿಗೆ ಆಗದು, ಅನಿಲದ ಹರಿವು ಚೂರು ಬದಲಾದರೂ ಆಕ್ಸೈಡ್ ಬದಲಾಗುತ್ತದೆ. ಬೇರಿಯಂ ತೀರಾ ಹೆಚ್ಚಿದ್ದರೆ ರಾಳ ತುಂಬಿದ ಕೊಳವೆಯಲ್ಲಿ (ಕಾಲಂ) ಮೊದಲೇ ಬೇರ್ಪಡಿಸುವುದೇ ವಾಸಿ.

ಕಳೆದ ಮೇಲೆ ನನ್ನ ಗುಡ್ಡ ನೆಲಸಮ. ಎರಡೂ ಪ್ಯಾರಾ ಹೊಡೆದುಹಾಕಿ, ಇದೇ ಥರ ಪ್ರಾಸಿಯೋಡಿಮಿಯಂ ಆಕ್ಸೈಡ್ (141+16) 157ರ ಗ್ಯಾಡೋಲಿನಿಯಂ ಮೇಲೆ ಕೂತಿದೆಯೇ ಎಂದು ನೋಡಲು ಹೊರಟೆ.